ಚೀನಾ ಸಾಲದ ಟೆಲಿಕಾಂ ಒಪ್ಪಂದವನ್ನು ಓದುವುದು ಹೇಗೆ: ನೈಜೀರಿಯಾದ ಲೆಕ್ಕದ ಸಮೇತ

ಆಫ್ರಿಕಾದ ದೇಶವೊಂದು ಫೈಬರ್ ಜಾಲಕ್ಕೆಂದು ಚೀನಾದ ಎಕ್ಸಿಮ್ ಬ್ಯಾಂಕಿನಿಂದ (ರಫ್ತು-ಆಮದಿಗೆ ಸಾಲ ಕೊಡುವ ಸರ್ಕಾರಿ ಬ್ಯಾಂಕ್) ಸಾಲ ತಂದ ಸುದ್ದಿ ಬಂದಾಗ ಚರ್ಚೆ ಸಾಮಾನ್ಯವಾಗಿ ಎರಡು ಮಾತಿಗೆ ನಿಂತುಬಿಡುತ್ತದೆ. ಬಡ್ಡಿ ಬಹಳ ಕಡಿಮೆ ಎನ್ನುವವರು ಒಂದು ಕಡೆ, ದೇಶವನ್ನೇ ಒತ್ತೆ ಇಟ್ಟರು ಎನ್ನುವವರು ಇನ್ನೊಂದು ಕಡೆ. ಕಾಗದ ಓದುತ್ತ ಹೋದರೆ ಎರಡೂ ಅರ್ಧ ಸತ್ಯ ಎಂದು ತಿಳಿಯುತ್ತದೆ. ಇಂಥ ಸಾಲ ಅಗ್ಗವೋ ದುಬಾರಿಯೋ ಎಂಬುದನ್ನು ಬಡ್ಡಿಗಿಂತ ಹೆಚ್ಚಾಗಿ ನಿರ್ಧರಿಸುವುದು ಗುತ್ತಿಗೆಯ ಬೆಲೆ. ಅದರ ನಂತರದ್ದು, ಕೇಬಲ್ ಹೂಳಿದ ಮೇಲೆ ಜಾಲವನ್ನು ಯಾರು, ಯಾರ ದುಡ್ಡಿನಲ್ಲಿ ನಡೆಸುತ್ತಾರೆ ಎಂಬುದು.

ಇಲ್ಲಿರುವ ಕ್ರಮ ವರದಿಗಾರರಿಗೆ, ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ, ಆಫ್ರಿಕಾದ ಟೆಲಿಕಾಂ ಕಾಮಗಾರಿಗಳಲ್ಲಿ ಕೆಲಸ ಮಾಡುವ ಎಂಜಿನಿಯರುಗಳಿಗೆ ಉಪಯೋಗವಾಗಲಿ ಎಂದು ಬರೆದದ್ದು. ಉದಾಹರಣೆಗೆ ನೈಜೀರಿಯಾವನ್ನು ತೆಗೆದುಕೊಂಡಿದ್ದೇವೆ. ಅಲ್ಲಿನ ಸಾಲ ನಿರ್ವಹಣಾ ಕಚೇರಿ, ಅಂದರೆ ಡಿಎಂಒ, ಚೀನಾ ಸಾಲಗಳ ಪಟ್ಟಿಯನ್ನು ಯೋಜನೆವಾರು ಪ್ರಕಟಿಸಿದೆ. 2020ರ ಮಾರ್ಚ್ 31ಕ್ಕೆ ಚೀನಾಕ್ಕೆ ಕೊಡಬೇಕಿದ್ದ ಸಾಲ 312.1 ಕೋಟಿ ಡಾಲರ್. ಒಟ್ಟು ಸಾರ್ವಜನಿಕ ಸಾಲದಲ್ಲಿ 3.94%. ಪಟ್ಟಿಯಲ್ಲಿ ಟೆಲಿಕಾಂಗೆ ಸೇರಿದ ಮೂರು ಸಾಲಗಳನ್ನು ಗುರುತಿಸಿಕೊಳ್ಳಿ: ಸಾರ್ವಜನಿಕ ಭದ್ರತಾ ಸಂಪರ್ಕ ವ್ಯವಸ್ಥೆಗೆ 39.95 ಕೋಟಿ ಡಾಲರ್, ರಾಷ್ಟ್ರೀಯ ಐಸಿಟಿ (ಮಾಹಿತಿ, ಸಂಪರ್ಕ ತಂತ್ರಜ್ಞಾನ) ಬೆನ್ನೆಲುಬು ಜಾಲದ, ಅಂದರೆ ನಗರಗಳನ್ನು ಜೋಡಿಸುವ ಮುಖ್ಯ ಜಾಲದ, ಮೊದಲ ಹಂತಕ್ಕೆ 10 ಕೋಟಿ, ಎರಡನೇ ಹಂತಕ್ಕೆ 32.8 ಕೋಟಿ. ಡಿಎಂಒ ಹೇಳುವ ಷರತ್ತು: ಬಡ್ಡಿ 2.5%, ಅವಧಿ 20 ವರ್ಷ, ಅದರಲ್ಲಿ ಮೊದಲ 7 ವರ್ಷ ಅಸಲು ಕಟ್ಟಬೇಕಿಲ್ಲ.

ಮೊದಲು ಸಾಲದ ಬಗೆ ಗುರುತಿಸಿ

ಚೀನಾ ಸಾಲ ಎಂದರೆ ಒಂದೇ ಬಗೆಯದಲ್ಲ. ಎಕ್ಸಿಮ್ ಬ್ಯಾಂಕ್ ಸರ್ಕಾರಗಳಿಗೆ ಕೊಡುವ ಅಗ್ಗದ ಸಾಲದಲ್ಲೇ ಎರಡು ಬಗೆ ಇವೆ. ಒಂದು ಸರ್ಕಾರಿ ರಿಯಾಯಿತಿ ಸಾಲ: ಲೆಕ್ಕ ಯುವಾನ್‌ನಲ್ಲಿ, ಬಡ್ಡಿಯ ಕೊರತೆಯನ್ನು ಚೀನಾ ಸರ್ಕಾರ ತನ್ನ ನೆರವಿನ ಬಜೆಟ್‌ನಿಂದ ತುಂಬುತ್ತದೆ, ಎರಡು ಸರ್ಕಾರಗಳ ನಡುವೆ ಮೊದಲು ಚೌಕಟ್ಟು ಒಪ್ಪಂದ ಆಗಬೇಕು. ಇನ್ನೊಂದು ಪ್ರೆಫರೆನ್ಷಿಯಲ್ ಬಯರ್ಸ್ ಕ್ರೆಡಿಟ್ (ಖರೀದಿದಾರನಿಗೆ ಕೊಡುವ ಅಗ್ಗದ ಸಾಲ): ಲೆಕ್ಕ ಡಾಲರ್‌ನಲ್ಲಿ, ಸಾಮಾನ್ಯವಾಗಿ ಗುತ್ತಿಗೆ ಮೊತ್ತದ 85% ವರೆಗೆ. ಎರಡಕ್ಕೂ ಗುತ್ತಿಗೆದಾರ ಚೀನಾದವನೇ ಆಗಿರಬೇಕು, ಖರೀದಿಯ ಕನಿಷ್ಠ ಅರ್ಧದಷ್ಟು ಚೀನಾದಿಂದ ಆಗಬೇಕು. ಇವುಗಳ ಹೊರಗೆ ಚೀನಾ ಡೆವಲಪ್‌ಮೆಂಟ್ ಬ್ಯಾಂಕಿನ ವಾಣಿಜ್ಯ ಸಾಲಗಳಿವೆ, ಸಿನೋಶೂರ್ (ಚೀನಾದ ಸರ್ಕಾರಿ ರಫ್ತು ವಿಮಾ ಕಂಪನಿ) ವಿಮೆ ಕಟ್ಟಿ ಪಡೆಯುವ ಸಾಲಗಳಿವೆ. ಉಪಕರಣ ಮಾರುವ ಕಂಪನಿಯೇ ಹಣ ಹೊಂದಿಸಿಕೊಡುವುದೂ ಉಂಟು. ಇಥಿಯೋಪಿಯಾ 2006ರಲ್ಲಿ ಚೀನಾದ ಉಪಕರಣ ಕಂಪನಿ ಝಡ್‌ಟಿಇ ಜೊತೆ ಮಾಡಿಕೊಂಡ 150 ಕೋಟಿ ಡಾಲರ್ ವ್ಯವಹಾರ ಈ ಕೊನೆಯ ಬಗೆಯದು.

ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಸಾಲ ತೀರಿಸಲಾಗದೆ ದೇಶ ಮರುಹೊಂದಾಣಿಕೆಗೆ ಕೂತಾಗ, ಎಕ್ಸಿಮ್ ಬ್ಯಾಂಕ್ ಸಾಲ ಕೊಟ್ಟ ಸರ್ಕಾರಗಳ ಸಮಿತಿಯಲ್ಲಿ ಇರುತ್ತದೆ. ಜಾಂಬಿಯಾದಲ್ಲಿ ಚೀನಾ ಡೆವಲಪ್‌ಮೆಂಟ್ ಬ್ಯಾಂಕನ್ನು ಸಾಲ ಕೊಟ್ಟ ಖಾಸಗಿಯವರ ಗುಂಪಿಗೆ ಸೇರಿಸಲಾಯಿತು. ಯಾವ ಗುಂಪು ಎಷ್ಟು ಬಿಟ್ಟುಕೊಡಬೇಕು ಎಂಬ ಚೌಕಾಸಿಯಲ್ಲಿ ವರ್ಷಗಳು ಹೋಗುತ್ತವೆ: ಜಾಂಬಿಯಾ 2020ರ ನವೆಂಬರ್‌ನಲ್ಲಿ ಬಾಂಡ್ ಬಡ್ಡಿ ತಪ್ಪಿಸಿತು, ಸಾಲ ಕೊಟ್ಟ ಸರ್ಕಾರಗಳೊಂದಿಗೆ ಒಮ್ಮತಕ್ಕೆ ಬಂದದ್ದು 2023ರ ಜೂನ್‌ನಲ್ಲಿ.

ಒಂದು ಮಾತು ಇಲ್ಲೇ ಹೇಳಬೇಕು. ಸಾಲ ಕೊಟ್ಟ ದೇಶದಿಂದಲೇ ಕೊಳ್ಳಬೇಕೆಂಬ ಷರತ್ತು ಚೀನಾದ ಸೊತ್ತಲ್ಲ. ಭಾರತದ ಎಕ್ಸಿಮ್ ಬ್ಯಾಂಕ್ ಆಫ್ರಿಕಾಕ್ಕೆ ಕೊಡುವ ಲೈನ್ ಆಫ್ ಕ್ರೆಡಿಟ್‌ನಲ್ಲೂ ಸಾಮಾನ್ಯವಾಗಿ 75% ಸರಕು ಮತ್ತು ಸೇವೆ ಭಾರತದಿಂದಲೇ ಹೋಗಬೇಕು. ಹಾಗಾಗಿ ಈ ಓದುವ ಕ್ರಮ ನಮ್ಮ ಸಾಲಗಳಿಗೂ ಅಷ್ಟೇ ಅನ್ವಯ.

ಯಾವುದು ಮೊದಲು ಸಹಿಯಾಯಿತು?

ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಾಮಾನ್ಯ ಕ್ರಮ ಹೀಗಿರುತ್ತದೆ: ಕಂಪನಿ ಇಲಾಖೆಗೆ ಯೋಜನೆ ಒಪ್ಪಿಸುತ್ತದೆ, ಇಲಾಖೆ ಮತ್ತು ಕಂಪನಿ ಗುತ್ತಿಗೆಗೆ ಸಹಿ ಹಾಕುತ್ತವೆ, ಆ ಗುತ್ತಿಗೆಯನ್ನು ಲಗತ್ತಿಸಿ ಹಣಕಾಸು ಸಚಿವಾಲಯ ಸಾಲಕ್ಕೆ ಅರ್ಜಿ ಹಾಕುತ್ತದೆ, ಬ್ಯಾಂಕ್ ಪರಿಶೀಲಿಸುತ್ತದೆ, ಆಮೇಲೆ ಸಾಲದ ಒಪ್ಪಂದ, ಆಮೇಲೆ ಕಾನೂನು ಅಭಿಪ್ರಾಯ, ಸಂಸತ್ತಿನ ಒಪ್ಪಿಗೆ ಇತ್ಯಾದಿ ಪೂರ್ವ ಷರತ್ತುಗಳು, ಕೊನೆಗೆ ಹಣ. ಅಂದರೆ ಬಡ್ಡಿಯ ಮಾತು ಶುರುವಾಗುವ ಹೊತ್ತಿಗೆ ಬೆಲೆ ನಿಗದಿಯಾಗಿಬಿಟ್ಟಿರುತ್ತದೆ. ಹಣಕಾಸು ಸಚಿವಾಲಯದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಡ್ಡಿಯನ್ನು ಕಾಲು ಪರ್ಸೆಂಟ್ ಇಳಿಸಿದರೂ, ಟೆಂಡರ್ ಇಲ್ಲದೆ ಸಹಿಯಾದ ಬೆಲೆಯನ್ನು ಅವರು ಮುಟ್ಟುವಂತಿಲ್ಲ.

ಸಾಲದ ಚೌಕಟ್ಟಿನೊಳಗೇ ಇದಕ್ಕೆ ಪರಿಹಾರ ಇದೆ. ಗುತ್ತಿಗೆದಾರ ಚೀನಾದವನಾಗಿರಬೇಕು ಎಂಬ ಷರತ್ತು ಇದ್ದರೂ ಚೀನಾದ ಎರಡು ಮೂರು ಕಂಪನಿಗಳ ನಡುವೆ ಟೆಂಡರ್ ಕರೆಯಲು ಅಡ್ಡಿಯಿಲ್ಲ. ಹಾಗೆ ಕರೆದಿದ್ದಾರೆಯೇ ಎಂಬುದು ಕೇಳಬೇಕಾದ ಮೊದಲ ಪ್ರಶ್ನೆ.

ಸಾಲದ ನಿಜವಾದ ತೂಕ

ಎಕ್ಸೆಲ್ ತೆರೆದು 40 ಸಾಲುಗಳ ಕೋಷ್ಟಕ ಮಾಡಿ. ಕಂತು ಆರು ತಿಂಗಳಿಗೊಮ್ಮೆ, 20 ವರ್ಷಕ್ಕೆ 40 ಸಾಲು. ಕಾಲಂಗಳು ಐದು: ಬಾಕಿ ಅಸಲು, ಬಡ್ಡಿ, ಕಟ್ಟುವ ಅಸಲು, ಒಟ್ಟು ಕಂತು, ಆ ಕಂತಿನ ಇಂದಿನ ಮೌಲ್ಯ. ನೈಜೀರಿಯಾದ ಮೊದಲ ಹಂತದಂತೆ 10 ಕೋಟಿ ಡಾಲರ್ ಹಾಕಿ ನೋಡೋಣ.

ಮೊದಲ 14 ಸಾಲುಗಳಲ್ಲಿ ಅಸಲು ಸೊನ್ನೆ, ಬಡ್ಡಿ ತಲಾ 12.5 ಲಕ್ಷ, ವರ್ಷಕ್ಕೆ 25 ಲಕ್ಷ ಡಾಲರ್. ಉಳಿದ 26 ಕಂತುಗಳಲ್ಲಿ ಅಸಲು ತಲಾ 38.46 ಲಕ್ಷ. ಎಂಟನೇ ವರ್ಷ ಕಟ್ಟಬೇಕಾದದ್ದು ಒಮ್ಮೆಲೇ 1.01 ಕೋಟಿ ಡಾಲರ್, ಹಿಂದಿನ ವರ್ಷದ ನಾಲ್ಕು ಪಟ್ಟು. ಬಜೆಟ್ ಮಾಡುವವರು ಎಡವುವುದು ಇಲ್ಲಿಯೇ: ಏಳು ವರ್ಷ ಸಾಲ ಹಗುರವಾಗಿ ಕಂಡಿರುತ್ತದೆ, ಸಹಿ ಹಾಕಿದ ಸರ್ಕಾರ ಹೋಗಿರುತ್ತದೆ, ಭಾರ ಮುಂದಿನವರ ತಲೆಗೆ ಬರುತ್ತದೆ. ಒಟ್ಟು ಬಡ್ಡಿ 3.44 ಕೋಟಿ ಡಾಲರ್.

ಈಗ ಇಂದಿನ ಮೌಲ್ಯ, ಅಂದರೆ ಮುಂದೆ ಕಟ್ಟುವ ಹಣ ಇಂದು ಎಷ್ಟಕ್ಕೆ ಸಮ ಎಂಬುದು. ಐಎಂಎಫ್ ಎಲ್ಲ ದೇಶಗಳಿಗೂ ವರ್ಷಕ್ಕೆ 5% ದರ ಬಳಸುತ್ತದೆ. ಅರ್ಧ ವರ್ಷಕ್ಕೆ ಅದು 2.47%. ಆ ದರದಲ್ಲಿ ಪ್ರತಿ ಕಂತನ್ನೂ ಇಳಿಸಿ ಕೂಡಿದರೆ 7.63 ಕೋಟಿ ಬರುತ್ತದೆ. ಪಡೆದದ್ದು 10, ಇಂದಿನ ಲೆಕ್ಕದಲ್ಲಿ ಕೊಡುವುದು 7.63, ಅಂದರೆ ಅನುದಾನದ ಅಂಶ ಸುಮಾರು 24%. ಐಎಂಎಫ್ ಒಂದು ಸಾಲವನ್ನು ರಿಯಾಯಿತಿ ಸಾಲ ಎಂದು ಒಪ್ಪಬೇಕಾದರೆ ಇದು ಕನಿಷ್ಠ 35% ಇರಬೇಕು. ಬಡ್ಡಿಯನ್ನು 2%ಕ್ಕೆ ಇಳಿಸಿದರೆ 28.6%, 1.5%ಕ್ಕೆ ಇಳಿಸಿದರೂ 33.4%. ಬಡ್ಡಿ ಒಂದನ್ನೇ ತಿಕ್ಕಾಡುವುದರಿಂದ ಸಿಗುವುದು ಕಡಿಮೆ, ಅವಧಿಯನ್ನೂ ಉದ್ದ ಮಾಡಿಸಬೇಕು. ನೈಜೀರಿಯಾದ 2007ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ 41ನೇ ಸೆಕ್ಷನ್ ಕಡಿಮೆ ಬಡ್ಡಿ, ದೀರ್ಘ ಅವಧಿ ಎಂದು ಕೇಳುತ್ತದೆ. ಆ ಅರ್ಥದಲ್ಲಿ ಡಿಎಂಒ ಇದನ್ನು ರಿಯಾಯಿತಿ ಸಾಲ ಎಂದದ್ದು ತಪ್ಪಲ್ಲ. ಐಎಂಎಫ್ ಅಳತೆಯೇ ಬೇರೆ.

ನ್ಯಾಯವಾಗಿ ನೋಡಬೇಕಾದರೆ ಇನ್ನೊಂದು ದರದಲ್ಲೂ ಲೆಕ್ಕ ಹಾಕಿ: ಈ ಸಾಲ ಸಿಗದಿದ್ದರೆ ಆ ದೇಶ ಎಷ್ಟಕ್ಕೆ ಸಾಲ ಎತ್ತುತ್ತಿತ್ತು? 2018ರ ನವೆಂಬರ್‌ನಲ್ಲಿ ನೈಜೀರಿಯಾ 12 ವರ್ಷದ ಯೂರೋಬಾಂಡ್‌ಗೆ (ವಿದೇಶಿ ಮಾರುಕಟ್ಟೆಯಲ್ಲಿ ಡಾಲರ್ ಸಾಲ ಎತ್ತುವ ಸಾಲಪತ್ರ) 8.75% ಕೊಟ್ಟಿತು. ಆ ದರದಲ್ಲಿ ಅನುದಾನದ ಅಂಶ 47% ಆಗುತ್ತದೆ. ಸರ್ಕಾರಗಳು ಇಂಥ ಸಾಲಕ್ಕೆ ಕೈಚಾಚಲು ಕಾರಣ ಇದೇ, ಅದನ್ನು ಮೂರ್ಖತನ ಎಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಇದೇ ಅಂಕಿಯನ್ನು ತಿರುಗಿಸಿ ಓದಿ. 10 ಕೋಟಿಯ ಗುತ್ತಿಗೆಯ ಕೆಲಸವನ್ನೇ ಮುಕ್ತ ಟೆಂಡರ್‌ನಲ್ಲಿ 7.63 ಕೋಟಿಗೆ ಮಾಡಿಸಬಹುದಿತ್ತು ಎಂದಾದರೆ, 5% ಲೆಕ್ಕದಲ್ಲಿ ಆ ರಿಯಾಯಿತಿ ಪೂರ್ತಿ ಗುತ್ತಿಗೆದಾರನ ಜೇಬಿಗೆ ಹೋಯಿತು. ಬೆಲೆ 31% ಉಬ್ಬಿದರೆ ಸಾಕು, ಅಗ್ಗದ ಸಾಲ ಅಗ್ಗವಾಗಿ ಉಳಿಯುವುದಿಲ್ಲ.

ಬಡ್ಡಿಯ ಹೊರಗಿನ ಖರ್ಚು ಮರೆಯಬೇಡಿ. ನಿರ್ವಹಣಾ ಶುಲ್ಕ ಸಾಮಾನ್ಯವಾಗಿ 0.25%, ಮೊದಲೇ ಕಟ್ಟಬೇಕು. ಬಳಸದೆ ಉಳಿದ ಮೊತ್ತದ ಮೇಲೆ ಬದ್ಧತಾ ಶುಲ್ಕ ವರ್ಷಕ್ಕೆ 0.25%; ಕಾಮಗಾರಿ ನಿಂತಷ್ಟೂ ಇದು ಓಡುತ್ತಲೇ ಇರುತ್ತದೆ. ಅಸಲು ಕಟ್ಟಬೇಕಿಲ್ಲದ 7 ವರ್ಷದ ಅವಧಿ ಎಣಿಕೆಯಾಗುವುದು ಒಪ್ಪಂದ ಜಾರಿಗೆ ಬಂದ ದಿನದಿಂದ, ಜಾಲ ಮುಗಿದ ದಿನದಿಂದಲ್ಲ. ಮೂರು ವರ್ಷದ ಕೆಲಸ ಆರು ವರ್ಷ ಎಳೆದರೆ, ಆದಾಯ ಕಣ್ಣಿಗೆ ಬೀಳುವ ಮೊದಲೇ ಅಸಲಿನ ಕಂತು ಬಾಗಿಲಿಗೆ ಬರುತ್ತದೆ.

ಕರೆನ್ಸಿಯ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಆದರೆ ಅದೇ ಬಹಳ ನೋಯಿಸುವುದು. ಎಂಟನೇ ವರ್ಷದ 1.01 ಕೋಟಿ ಡಾಲರ್, 2018ರ ಅಧಿಕೃತ ದರ ಡಾಲರಿಗೆ 306 ನೈರಾದಲ್ಲಿ (ನೈರಾ ನೈಜೀರಿಯಾದ ಹಣ) ಸುಮಾರು 310 ಕೋಟಿ ನೈರಾ; 2024ರ ಸುಮಾರು 1,500 ನೈರಾದಲ್ಲಿ 1,520 ಕೋಟಿ ನೈರಾ. ಜಾಲದ ಗ್ರಾಹಕರು ಕೊಡುವುದು ನೈರಾ.

ಬೆಲೆಯನ್ನು ಬಿಡಿಸಿ ನೋಡುವ ಬಗೆ

"ಇಷ್ಟು ಸಾವಿರ ಕಿಲೋಮೀಟರ್ ಫೈಬರ್, ಇಷ್ಟು ಕೋಟಿ ಡಾಲರ್" ಎಂದು ಭಾಗಿಸಿ ಪ್ರತಿ ಕಿಲೋಮೀಟರಿನ ಬೆಲೆ ಹೇಳುವುದು ಅಪಾಯದ ಕೆಲಸ. ಮೊದಲು ಕಿಲೋಮೀಟರ್ ಯಾವುದು ಎಂದು ಕೇಳಿ. ಮಾರ್ಗದ ಕಿಲೋಮೀಟರ್ ಬೇರೆ, ಕೇಬಲ್ ಕಿಲೋಮೀಟರ್ ಬೇರೆ, ಎಳೆಗಳ ಕಿಲೋಮೀಟರ್ ಬೇರೆ. 48 ಎಳೆಯ ಕೇಬಲನ್ನು 1,000 ಕಿ.ಮೀ. ಹೂಳಿದರೆ ಎಳೆಗಳ ಲೆಕ್ಕದಲ್ಲಿ 48,000 ಕಿ.ಮೀ. ಆಗುತ್ತದೆ, ಪತ್ರಿಕಾ ಹೇಳಿಕೆಯಲ್ಲಿ ಯಾವುದು ಬರುತ್ತದೆ ಎಂದು ಊಹಿಸಬಹುದು. ಕಂಬದ ಮೇಲೆ ಎಳೆದದ್ದು, ಈಗಾಗಲೇ ಇದ್ದ ಡಕ್ಟ್‌ನಲ್ಲಿ (ಕೊಳವೆಯಲ್ಲಿ) ತೂರಿಸಿದ್ದು, ಹೊಸದಾಗಿ ಅಗೆದು ಹೂಳಿದ್ದು ಇವನ್ನೂ ಬೇರೆ ಬೇರೆ ಮಾಡಿ.

ಆಮೇಲೆ ಬಿಓಕ್ಯೂ ಕೇಳಿ, ಅಂದರೆ ಪ್ರಮಾಣ ಮತ್ತು ದರದ ಪಟ್ಟಿ. ಅದರಲ್ಲಿ ಕೇಬಲ್, ಡಕ್ಟ್, ಅಗೆತ, ಡಿಡಬ್ಲ್ಯುಡಿಎಂ (ಒಂದೇ ಎಳೆಯಲ್ಲಿ ಹಲವು ಬಣ್ಣದ ಬೆಳಕು ಕಳಿಸುವ) ಮತ್ತು ರೂಟರ್ ಉಪಕರಣ, ವಿದ್ಯುತ್ ವ್ಯವಸ್ಥೆ, ಸಾಫ್ಟ್‌ವೇರ್ ಲೈಸೆನ್ಸ್, ಬಿಡಿಭಾಗ, ತರಬೇತಿ, ಯೋಜನಾ ನಿರ್ವಹಣೆ ಪ್ರತ್ಯೇಕವಾಗಿ ಇರಬೇಕು. ಭೂಗತ ಜಾಲದಲ್ಲಿ ದೊಡ್ಡ ಪಾಲು ಅಗೆತದ್ದೇ, ಮತ್ತು ಅದನ್ನು ಹೋಲಿಸುವುದೂ ಸುಲಭ: ಅದೇ ದೇಶದಲ್ಲಿ, ಅದೇ ಬಗೆಯ ಮಣ್ಣಿನಲ್ಲಿ ಎಂಟಿಎನ್ ಅಥವಾ ಏರ್‌ಟೆಲ್‌ನಂಥ ಖಾಸಗಿ ಕಂಪನಿಗಳು ಸ್ಥಳೀಯ ಗುತ್ತಿಗೆದಾರರಿಗೆ ಮೀಟರಿಗೆ ಎಷ್ಟು ಕೊಡುತ್ತವೆ ಎಂದು ವಿಚಾರಿಸಿ. ಎಲ್ಲವನ್ನೂ ಒಂದೇ ಮೊತ್ತಕ್ಕೆ ಕಟ್ಟಿಕೊಟ್ಟಿದ್ದರೆ, ದರಪಟ್ಟಿ ಇಲ್ಲದಿದ್ದರೆ, ಅದನ್ನೇ ವರದಿಯ ಮೊದಲ ಅಂಶವಾಗಿ ಬರೆಯಿರಿ.

ಉಗಾಂಡದ ರಾಷ್ಟ್ರೀಯ ಬೆನ್ನೆಲುಬು ಜಾಲವನ್ನು ಚೀನಾದ ಉಪಕರಣ ಕಂಪನಿ ಹುವಾವೆ ಚೀನಾ ಸಾಲದಲ್ಲಿ ಕಟ್ಟುತ್ತಿದ್ದಾಗ ಎದ್ದ ಪ್ರಶ್ನೆಗಳಲ್ಲಿ ಎರಡು ಇಂದಿಗೂ ಪಾಠದಂತಿವೆ: ಕೇಬಲಿನ ಎಳೆ ಜಿ.655 ಬದಲು ಜಿ.652 (ಎರಡೂ ಫೈಬರ್ ಎಳೆಯ ಅಂತರರಾಷ್ಟ್ರೀಯ ಮಾದರಿಗಳು) ಏಕೆ, ಮತ್ತು ಹೂಳಿದ ಆಳ ಸಾಕೇ. ಜಿ.652 ಕೆಟ್ಟ ಎಳೆಯೇನಲ್ಲ. ಇಂದಿನ 100 ಗಿಗಾಬಿಟ್ ಕೊಹೆರೆಂಟ್ ಉಪಕರಣಗಳಿಗೆ ಜಿ.652ಡಿ ಧಾರಾಳ ಸಾಕು, ಅಗ್ಗವೂ ಹೌದು. ಒಂದಕ್ಕೆ ಬೆಲೆ ಕೊಟ್ಟು ಇನ್ನೊಂದನ್ನು ಹೂಳಿಸಿಕೊಂಡರೆ ಆಗ ಮೋಸ. ಗುತ್ತಿಗೆಯಲ್ಲಿ ಎಳೆಯ ಮಾದರಿ ಬರೆಸಿ, ಪ್ರತಿ ಡ್ರಮ್‌ನ ಕಾರ್ಖಾನೆ ಪ್ರಮಾಣಪತ್ರವನ್ನು ಮಣ್ಣು ಮುಚ್ಚುವ ಮೊದಲೇ ತಾಳೆ ನೋಡಬೇಕು.

ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ಬರೆದುಕೊಳ್ಳಿ. ದಾರಿ ಅಗೆಯುವ ಅನುಮತಿಯ ಶುಲ್ಕ ಸಾಲದಲ್ಲಿ ಬರುವುದು ಅಪರೂಪ. ನೈಜೀರಿಯಾದಲ್ಲಿ 2013ರಲ್ಲಿ ಮೀಟರಿಗೆ 145 ನೈರಾ ಎಂದು ಒಪ್ಪಿಗೆಯಾಗಿತ್ತು, 1,000 ಕಿ.ಮೀ.ಗೆ 14.5 ಕೋಟಿ ನೈರಾ. ಕೆಲವು ರಾಜ್ಯಗಳು ಅದನ್ನು ಬಿಟ್ಟು ಹಲವು ಪಟ್ಟು ಕೇಳಿದವು. ಆಮದು ಸುಂಕದ ವಿನಾಯಿತಿ, ಬೆಳೆ ಪರಿಹಾರ, ಡೀಸೆಲ್, ಕಾವಲು ಎಲ್ಲವೂ ಸ್ವಂತ ಬಜೆಟ್‌ನಿಂದಲೇ ಬರಬೇಕು. ಇದರ ಮೇಲೆ, ಗುತ್ತಿಗೆಯಲ್ಲಿ ಸಾಲ ತುಂಬದ 15% ಪಾಲು ಹಣ. ಭದ್ರತಾ ಸಂಪರ್ಕ ಯೋಜನೆಯ ಗುತ್ತಿಗೆ 47 ಕೋಟಿ ಡಾಲರ್; ಸಾಲ 39.95 ಕೋಟಿ, ನೈಜೀರಿಯಾ ಹಾಕಬೇಕಾದದ್ದು 7.05 ಕೋಟಿ. ಪಾಲು ಹಣ ಸಾಮಾನ್ಯವಾಗಿ ಮುಂಗಡಕ್ಕೆ ಹೋಗುತ್ತದೆ. ಅದು ಬಜೆಟ್‌ನಲ್ಲಿ ಸಿಕ್ಕಿಕೊಂಡರೆ ಕೆಲಸವೇ ಶುರುವಾಗುವುದಿಲ್ಲ, ಬದ್ಧತಾ ಶುಲ್ಕ ಮಾತ್ರ ಏರುತ್ತದೆ.

ವಿಧಿಗಳು

2020ರಲ್ಲಿ ನೈಜೀರಿಯಾದ ಕೆಳಮನೆ ಎರಡನೇ ಹಂತದ ಸಾಲದ 8(1)ನೇ ವಿಧಿಯನ್ನು ಎತ್ತಿ ಆಡಿತು: ಮಧ್ಯಸ್ಥಿಕೆ ಮತ್ತು ಅದರ ತೀರ್ಪಿನ ಜಾರಿಯ ವಿಷಯದಲ್ಲಿ ಸಾಲಗಾರ ದೇಶ ತನ್ನ ಸಾರ್ವಭೌಮ ರಕ್ಷಣೆಯನ್ನು ಬಿಟ್ಟುಕೊಡುತ್ತದೆ, ಸೇನೆ ಮತ್ತು ರಾಯಭಾರದ ಆಸ್ತಿ ಹೊರತು. ದೇಶವನ್ನೇ ಬರೆದುಕೊಟ್ಟರು ಎಂಬ ಕೂಗೆದ್ದಿತು. ಯೂರೋಬಾಂಡ್‌ಗಳಲ್ಲೂ ಇಂಥ ವಿಧಿ ಇರುತ್ತದೆ. ಇದರರ್ಥ ಸಾಲಗಾರನ ಮೇಲೆ ದಾವೆ ಹೂಡಬಹುದು ಎಂದಷ್ಟೇ. ನೋಡಬೇಕಾದದ್ದು ಹೊರತುಪಡಿಸಿದ ಆಸ್ತಿಗಳ ಪಟ್ಟಿ. ಕೇಂದ್ರ ಬ್ಯಾಂಕಿನ ಮೀಸಲು, ದೇಶದೊಳಗಿನ ಸಾರ್ವಜನಿಕ ಬಳಕೆಯ ಆಸ್ತಿ ಅದರಲ್ಲಿ ಸೇರಿವೆಯೇ? ಸೇರಿಸಿ ಎಂದು ಕೇಳುವುದು ಚೌಕಾಸಿಯಲ್ಲಿ ಸಲ್ಲುವ ಬೇಡಿಕೆ.

ಅದಕ್ಕಿಂತ ಗಮನ ಬೇಡುವ ವಿಧಿಗಳು ಸದ್ದಿಲ್ಲದೆ ಕೂತಿರುತ್ತವೆ. ಕಾನೂನು ಚೀನಾದ್ದು, ಮಧ್ಯಸ್ಥಿಕೆ ಬೀಜಿಂಗ್‌ನ ಮಧ್ಯಸ್ಥಿಕೆ ಆಯೋಗ ಸಿಐಇಟಿಎಸಿಯಲ್ಲಿ. ಎಕ್ಸಿಮ್ ಒಪ್ಪಂದಗಳಲ್ಲಿ ಇದು ಮಾಮೂಲು. ಅಡ್ಡ ತಪ್ಪು ವಿಧಿ: ಬೇರೆ ಯಾವುದೋ ಸಾಲದ ಕಂತು ತಪ್ಪಿದರೂ ಈ ಸಾಲ ಪೂರ್ತಿ ಒಮ್ಮೆಲೇ ಕೇಳಬಹುದು. ಆದಾಯವನ್ನು ಹಿಡಿದಿಡುವ ವಿಶೇಷ ಖಾತೆ: ಯಾವ ಬ್ಯಾಂಕ್, ಕನಿಷ್ಠ ಎಷ್ಟು ಹಣ ಇರಬೇಕು, ಹಣ ತೆಗೆಯಲು ಯಾರ ಒಪ್ಪಿಗೆ ಬೇಕು. ಗೋಪ್ಯತೆ: 2021ರಲ್ಲಿ ಏಯ್ಡ್‌ಡೇಟಾ ಸಂಶೋಧನಾ ಸಂಸ್ಥೆ ಮತ್ತು ಸಂಗಡಿಗರು 24 ದೇಶಗಳ 100 ಒಪ್ಪಂದಗಳನ್ನು ಹೋಲಿಸಿದಾಗ ಇತ್ತೀಚಿನವುಗಳಲ್ಲಿ ಗೋಪ್ಯತೆಯ ಷರತ್ತು ಬಿಗಿಯಾಗುತ್ತ ಬಂದದ್ದು ಕಂಡಿತು. ಆ ಒಪ್ಪಂದಗಳ ಪಠ್ಯ ಸಾರ್ವಜನಿಕವಾಗಿದೆ, ಕ್ಯಾಮರೂನಿನವು ಅದರಲ್ಲಿ ಹಲವು. ನಿಮ್ಮ ದೇಶದ ಕಾಗದ ಕೈಗೆ ಸಿಗದಿದ್ದರೂ ಅವನ್ನು ಓದಿದರೆ ಎಕ್ಸಿಮ್‌ನ ಅಚ್ಚು ಹೇಗಿರುತ್ತದೆ ಎಂದು ತಿಳಿಯುತ್ತದೆ.

ಹಣ ಹೋಗುವ ದಾರಿ

ಸಾಲದ ಹಣ ಆಫ್ರಿಕಾಕ್ಕೆ ಬರುವುದೇ ಇಲ್ಲ. ಗುತ್ತಿಗೆದಾರ ಬಿಲ್ಲು ಕೊಡುತ್ತಾನೆ, ಇಲಾಖೆಯ ಎಂಜಿನಿಯರ್ ಕೆಲಸ ಆಗಿದೆ ಎಂದು ದೃಢೀಕರಿಸುತ್ತಾರೆ, ಹಣಕಾಸು ಸಚಿವಾಲಯ ಕೋರಿಕೆ ಪತ್ರ ಕಳಿಸುತ್ತದೆ, ಬ್ಯಾಂಕ್ ನೇರವಾಗಿ ಗುತ್ತಿಗೆದಾರನ ಖಾತೆಗೆ ಹಾಕಿ ಸಾಲದ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಹಾಗಾಗಿ ದೇಶದ ಹಿತ ಕಾಯುವ ಗೇಟು ಒಂದೇ, ಆ ದೃಢೀಕರಣ. ಅದನ್ನು ಮಾಡುವವರು ಗುತ್ತಿಗೆದಾರನ ಸಂಬಳದಲ್ಲಿ ಇರದ ಸ್ವತಂತ್ರ ಸಲಹೆಗಾರರಾಗಿರಬೇಕು, ಅವರ ಖರ್ಚು ಸ್ವಂತ ಬಜೆಟ್‌ನಲ್ಲಿ ಇರಬೇಕು.

ಅವರು ಮಾಡಬೇಕಾದ ಪರೀಕ್ಷೆ ಹೀಗೆ. ಪ್ರತಿ ಎಳೆಗೂ ಎರಡೂ ತುದಿಯಿಂದ, 1310 ಮತ್ತು 1550 ನ್ಯಾನೋಮೀಟರಿನಲ್ಲಿ ಓಟಿಡಿಆರ್, ಅಂದರೆ ಎಳೆಯೊಳಗೆ ಬೆಳಕು ಬಿಟ್ಟು ಎಲ್ಲಿ ಎಷ್ಟು ನಷ್ಟ ಎಂದು ನೋಡುವ ಪರೀಕ್ಷೆ. ಒಂದೇ ತುದಿಯಿಂದ ನೋಡಿದರೆ ಬೆಸುಗೆಯ ನಷ್ಟ ಸುಳ್ಳು ತೋರುತ್ತದೆ. ಬೆಸುಗೆಯ ಸರಾಸರಿ ನಷ್ಟ 0.1 ಡಿಬಿ ಮೀರಬಾರದು, 1550ರಲ್ಲಿ ಕಿಲೋಮೀಟರಿಗೆ 0.25 ಡಿಬಿ ಒಳಗಿರಬೇಕು. ಆಳ ನೋಡಲು ಗುತ್ತಿಗೆದಾರ ತೋರಿಸಿದ ಜಾಗದಲ್ಲಲ್ಲ, ತಾವೇ ಚೀಟಿ ಎತ್ತಿದ ಜಾಗಗಳಲ್ಲಿ ಗುಂಡಿ ತೋಡಿಸಬೇಕು. ಜಿಪಿಎಸ್ ನಕ್ಷೆ ಕೈಗೆ ಬರುವವರೆಗೆ ಕೊನೆಯ ಬಿಲ್ಲಿಗೆ ಸಹಿ ಬೇಡ. ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕತ್ತರಿಸಿದ ದಿನ ಆ ನಕ್ಷೆಯೇ ಗತಿ. ಜಾಲ ನಿಯಂತ್ರಣ ಸಾಫ್ಟ್‌ವೇರಿನ ಪೂರ್ಣ ಅಧಿಕಾರದ ಪಾಸ್‌ವರ್ಡ್, ಲೈಸೆನ್ಸ್‌ಗಳ ಅವಧಿ, ಎಷ್ಟು ಪೋರ್ಟಿಗೆ ಲೈಸೆನ್ಸ್ ಇದೆ ಎಂಬುದು ಹಸ್ತಾಂತರದ ಪಟ್ಟಿಯಲ್ಲಿ ಇರಲೇಬೇಕು.

ಇಪ್ಪತ್ತು ವರ್ಷದ ಸಾಲ, ಎಂಟು ವರ್ಷದ ಪೆಟ್ಟಿಗೆ

ಮಣ್ಣಿನೊಳಗಿನ ಕೇಬಲ್ 20–25 ವರ್ಷ ಬಾಳುತ್ತದೆ. ರ‍್ಯಾಕ್‌ನಲ್ಲಿರುವ ಉಪಕರಣ 7ರಿಂದ 10 ವರ್ಷ, ಬ್ಯಾಟರಿ ಅದಕ್ಕಿಂತ ಕಡಿಮೆ. ಸಾಲದಲ್ಲಿ ಉಪಕರಣದ ಪಾಲು ಹೆಚ್ಚಿದ್ದಷ್ಟೂ, ಅಸಲು ಕಟ್ಟಲು ಶುರುಮಾಡುವ ಹೊತ್ತಿಗೆ ಆಸ್ತಿ ಮುದಿಯಾಗಿರುತ್ತದೆ. ನೈಜೀರಿಯಾದ ಭದ್ರತಾ ಸಂಪರ್ಕ ಯೋಜನೆಯೇ ಸಾಕ್ಷಿ. 2010ರ ಈ ಗುತ್ತಿಗೆ ಸಿಡಿಎಂಎ ಎಂಬ ಹಳೆಯ ಮೊಬೈಲ್ ತಂತ್ರಜ್ಞಾನದ್ದು. ಅಬುಜಾ, ಲಾಗೋಸ್‌ಗಳಲ್ಲಿ ತಲಾ 1,000 ಕ್ಯಾಮೆರಾ ಬರಬೇಕಿತ್ತು. ಅವು ಕೆಲಸ ಮಾಡುತ್ತಿಲ್ಲ ಎಂದು ಸಂಸತ್ತಿನಲ್ಲಿ ಮತ್ತೆ ಮತ್ತೆ ಪ್ರಶ್ನೆ ಬಂದಿದೆ. ಸಿಡಿಎಂಎ ಜಗತ್ತಿನಿಂದಲೇ ಮರೆಯಾಗುತ್ತಿರುವಾಗ ಆ ಸಾಲದ ಕಂತು ಮಾತ್ರ ಮುಂದುವರಿಯುತ್ತದೆ.

ನೋಡಬೇಕಾದ ಉಳಿದ ಕಾಗದಗಳು ಮೂರು. ಮೊದಲನೆಯದು ಮರುಸಾಲದ ಒಪ್ಪಂದ: ಹಣಕಾಸು ಸಚಿವಾಲಯ ಈ ಸಾಲವನ್ನು ಜಾಲ ನಡೆಸುವ ಸಂಸ್ಥೆಗೆ, ನೈಜೀರಿಯಾದಲ್ಲಿ ಗ್ಯಾಲಕ್ಸಿ ಬ್ಯಾಕ್‌ಬೋನ್‌ಗೆ, ಯಾವ ಷರತ್ತಿನಲ್ಲಿ ದಾಟಿಸಿದೆ? ದೊಡ್ಡ ಮೊಬೈಲ್ ಕಂಪನಿಗಳಿಗೆ ಸ್ವಂತ ಫೈಬರ್ ಇರುವ ದೇಶದಲ್ಲಿ ಸರ್ಕಾರಿ ಜಾಲದ ಮುಖ್ಯ ಗ್ರಾಹಕರು ಸರ್ಕಾರಿ ಕಚೇರಿಗಳೇ. ಅವು ಬಿಲ್ಲು ಕಟ್ಟದಿದ್ದರೆ ಕಂತು ಖಜಾನೆಯಿಂದಲೇ ಹೋಗುತ್ತದೆ. ಎರಡನೆಯದು ವಿಮೆ. ಚೀನಾ ಕಟ್ಟಿ 2007ರ ಮೇನಲ್ಲಿ ಹಾರಿಸಿದ ನಿಗ್‌ಕಾಮ್‌ಸ್ಯಾಟ್-1 ಉಪಗ್ರಹ ಸೌರಫಲಕದ ದೋಷದಿಂದ 2008ರ ನವೆಂಬರ್‌ನಲ್ಲಿ ಕೆಟ್ಟುಹೋಯಿತು. ವಿಮೆ ಇದ್ದದ್ದರಿಂದ 2011ರ ಡಿಸೆಂಬರ್‌ನಲ್ಲಿ ಬದಲಿ ಉಪಗ್ರಹ ಹಾರಿತು. ವಿಮೆ ಇಲ್ಲದಿದ್ದರೆ ಉಪಗ್ರಹವಿಲ್ಲದೆ ಸಾಲ ತೀರಿಸಬೇಕಾಗುತ್ತಿತ್ತು. ಮೂರನೆಯದು ನಿರ್ವಹಣಾ ಗುತ್ತಿಗೆ: ವಾರಂಟಿ ಮುಗಿದ ಮೇಲೆ ಐದು ವರ್ಷದ ಬಿಡಿಭಾಗ ಮತ್ತು ಅಪ್‌ಗ್ರೇಡ್ ದರಗಳು ಮೂಲ ಗುತ್ತಿಗೆಯಲ್ಲೇ ನಿಗದಿಯಾಗಿವೆಯೇ? ಒಂದೇ ಕಂಪನಿಯ ಉಪಕರಣದಿಂದ ಜಾಲ ತುಂಬಿಸಿಕೊಂಡ ಇಥಿಯೋಪಿಯಾ, ಮುಂದೆ ಅದನ್ನು ಮೇಲ್ದರ್ಜೆಗೇರಿಸುವ ಖರ್ಚಿನ ಬಗ್ಗೆ ಝಡ್‌ಟಿಇ ಜೊತೆ ತಕರಾರಿಗೆ ಬಿದ್ದು, 2014ರಲ್ಲಿ ಕೆಲಸದ ಒಂದು ಭಾಗವನ್ನು ಎರಿಕ್ಸನ್‌ಗೆ ಕೊಡಬೇಕಾಯಿತು. ಅಪ್‌ಗ್ರೇಡ್ ದರ ಕೇಳುವ ಸಮಯ ಗುತ್ತಿಗೆಗೆ ಸಹಿ ಹಾಕುವ ಮೊದಲು. ಆಮೇಲೆ ಕೇಳಿದರೆ ಮಾರುವವನು ಹೇಳಿದ್ದೇ ದರ.